ಯಾವ ವಿಂಡೋ ಯಾವ ಪ್ರೊಫೈಲಿಂದು?

ಒಂದೇ ಕಂಪ್ಯೂಟರಲ್ಲಿ ಮೂರ್ನಾಲ್ಕು ಬ್ರೌಸರ್ ಪ್ರೊಫೈಲ್ (ಒಂದೇ ಬ್ರೌಸರಲ್ಲಿ ಲಾಗಿನ್, ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲಾ ಬೇರೆಬೇರೆ ಇಡೋ ಖಾನೆಗಳು) ಓಪನ್ ಇಟ್ಕೊಂಡು ಕೆಲ್ಸ ಮಾಡೋರಿಗೆ ಈ ಕಿರಿಕಿರಿ ಗೊತ್ತಿರುತ್ತೆ, ಒಂದು ಆಫೀಸಿಂದು, ಒಂದು ಸ್ವಂತದ್ದು, ಇನ್ನೊಂದು ಯಾರೋ ಕ್ಲೈಂಟಿಂದು, ಆದ್ರೆ ಎಲ್ಲಾ ವಿಂಡೋನೂ ನೋಡೋಕೆ ಒಂದೇ ಥರ. ಕ್ರೋಮಲ್ಲಿ ಗುರುತಿಗೆ ಅಂತ ಇರೋದು ಮೇಲೆ ಬಲಗಡೆ ಕಡ್ಲೆಕಾಳಷ್ಟು ಒಂದು ಗುಂಡು ಚಿತ್ರ. ಅದನ್ನ ನಾವು ನೋಡೋದು ಡೌಟ್ ಬಂದಾಗ, ತಪ್ಪು ಅಕೌಂಟಿಂದ ಮೇಲ್ ಹೋಗೋದು ಡೌಟೇ ಬರದೇ ಇದ್ದಾಗ. ಹಾಗಾಗಿ ಹುಡುಕಿ ನೋಡ್ಬೇಕಾದ ಗುರುತು ಸಾಲಲ್ಲ, ತಾನಾಗೇ ಕಣ್ಣಿಗೆ ಬೀಳೋ ಗುರುತು ಬೇಕು.

ಮೊದ್ಲು ಬಣ್ಣ. ಹೊಸ ಟ್ಯಾಬ್ ತೆಗೆದ್ರೆ ಕೆಳಗೆ ಮೂಲೇಲಿ ಕಸ್ಟಮೈಸ್ ಕ್ರೋಮ್ ಸಿಗುತ್ತೆ, ಅಲ್ಲಿ ಆರಿಸಿದ ಬಣ್ಣ ಆ ಪ್ರೊಫೈಲಿಗೆ ಮಾತ್ರ. ಇಲ್ಲಿ ಚೆಂದ ನೋಡ್ಬೇಡಿ. ತಿಳಿ ನೀಲಿ ಒಂದಕ್ಕೆ, ತಿಳಿ ಹಸಿರು ಇನ್ನೊಂದಕ್ಕೆ ಅಂತ ಇಟ್ರೆ ಸಂಜೆ ಹೊತ್ತಿಗೆ ಕಣ್ಣು ಸುಸ್ತಾದಾಗ ಎರಡೂ ಒಂದೇ. ಒಂದು ಕಡು, ಒಂದು ತಿಳಿ ಇರ್ಲಿ, ಕೆಂಪು ಹಸಿರು ಬೇರೆಬೇರೆ ಕಾಣದವರಿಗಂತೂ ಅದೇ ಸರಿ. ಅಪಾಯ ಜಾಸ್ತಿ ಇರೋ ಅಕೌಂಟಿಗೆ (ಬ್ಯಾಂಕು, ಅಡ್ಮಿನ್ ಲಾಗಿನ್ ಆ ಥರದ್ದು) ಕಣ್ಣಿಗೆ ಹೊಡೆಯೋ ಕೆಂಪು ಹಾಕ್ಬಿಡಿ. ಕಪ್ಪು ಮಾತ್ರ ಬೇಡ, ಇನ್‌ಕಾಗ್ನಿಟೋ ವಿಂಡೋನೂ ಕಪ್ಪೇ, ಆಮೇಲೆ ಅದಕ್ಕೂ ಇದಕ್ಕೂ ಗೊಂದಲ.

ಆದ್ರೆ ಆಲ್ಟ್-ಟ್ಯಾಬ್ ಒತ್ತಿ ವಿಂಡೋ ಬದಲಾಯಿಸುವಾಗ ಬಣ್ಣ ಅಷ್ಟು ಕೆಲ್ಸಕ್ಕೆ ಬರಲ್ಲ, ಅಲ್ಲಿ ಕಾಣೋದು ಪುಟ್ಟ ಚಿತ್ರ ಮತ್ತೆ ಪೇಜಿನ ಟೈಟಲ್, ಮೂರೂ ಕಡೆ ಇನ್‌ಬಾಕ್ಸ್ ತೆಗೆದಿದ್ರೆ ಮೂರಕ್ಕೂ ಟೈಟಲ್ ಇನ್‌ಬಾಕ್ಸೇ. ಅದಕ್ಕೆ ಕ್ರೋಮಲ್ಲೇ ಒಂದು ದಾರಿ ಇದೆ, ಎಷ್ಟೋ ಜನ ನೋಡೇ ಇಲ್ಲ: ಟ್ಯಾಬ್‌ಗಳ ಪಕ್ಕ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ನೇಮ್ ವಿಂಡೋ ಒತ್ತಿ, "ಆಫೀಸ್" ಅಂತ ಟೈಪ್ ಮಾಡಿ, ಮುಗೀತು. ಟಾಸ್ಕ್‌ಬಾರಲ್ಲೂ ಆಲ್ಟ್-ಟ್ಯಾಬಲ್ಲೂ ಆ ಹೆಸರೇ ಬರುತ್ತೆ. ಒಂದೇ ತೊಂದರೆ, ಹೆಸರು ಅಂಟ್ಕೊಳ್ಳೋದು ವಿಂಡೋಗೆ, ಪ್ರೊಫೈಲಿಗಲ್ಲ, ಹೊಸ ವಿಂಡೋ ತೆಗೆದ್ರೆ ಮತ್ತೆ ಕೊಡ್ಬೇಕು.

ಮೇಲೆ ಬೈದ ಆ ಗುಂಡು ಚಿತ್ರಕ್ಕೆ ಮರ್ಯಾದೆ ಇರೋದು ವಿಂಡೋಸ್ ಟಾಸ್ಕ್‌ಬಾರಲ್ಲಿ. ಅಲ್ಲಿ ಪ್ರೊಫೈಲಿಗೊಂದು ಐಕಾನ್ ಬರುತ್ತೆ, ಅದರ ಮೂಲೇಲಿ ಈ ಚಿತ್ರ ಕೂತಿರುತ್ತೆ, ಒಂದೊಂದನ್ನೂ ಬೇರೆಬೇರೆಯಾಗಿ ಪಿನ್ ಮಾಡ್ಕೊಬಹುದು. ಮ್ಯಾಕಲ್ಲಿ ಈ ಭಾಗ್ಯ ಇಲ್ಲ, ಡಾಕಲ್ಲಿ ಎಲ್ಲಾ ಒಂದೇ ಐಕಾನ್ ಕೆಳಗೆ. ಸಫಾರಿಗೆ ಪ್ರೊಫೈಲ್ ಬಂದಿದ್ದು 2023ರಲ್ಲಿ, 17ನೇ ವರ್ಷನ್ ಜೊತೆ, ತಡ ಆಯ್ತು ನಿಜ, ಆದ್ರೆ ಪ್ರೊಫೈಲ್ ಹೆಸರನ್ನ ಟೂಲ್‌ಬಾರಲ್ಲೇ ಬರೆದು ತೋರಿಸ್ತಾರೆ, ಬೇರೆಯವರೂ ಹಾಗೇ ಮಾಡ್ಬೋದಿತ್ತು.

ಯಾವ ಬ್ರೌಸರ್ ಆದ್ರೂ ನಡೆಯೋ ಒಂದು ಜುಗಾಡ್ ಹೇಳ್ತೀನಿ. ಬುಕ್‌ಮಾರ್ಕ್ ಬಾರ್ ಯಾವಾಗ್ಲೂ ಕಾಣೋ ಹಾಗೆ ಇಟ್ಟು, ಅದರಲ್ಲಿ ಮೊದಲನೇದಾಗಿ ಒಂದು ಖಾಲಿ ಫೋಲ್ಡರ್ ಮಾಡಿ "ಇದು ಕ್ಲೈಂಟ್ ಅಕೌಂಟ್" ಅಂತ ಹೆಸರಿಡಿ. ನೋಡೋಕೆ ಸ್ವಲ್ಪ ಪೆದ್ದುಪೆದ್ದಾಗಿದೆ, ಆದ್ರೆ ಸ್ಕ್ರೀನ್‌ಶಾಟಲ್ಲೂ ಗೊತ್ತಾಗುತ್ತೆ.

ಫೈರ್‌ಫಾಕ್ಸ್ ಕಂಟೇನರ್ ಇದ್ಯಲ್ಲ (ಒಂದೇ ಪ್ರೊಫೈಲಲ್ಲಿ ಟ್ಯಾಬ್‌ಗಳ ಲಾಗಿನ್ ಬೇರೆಬೇರೆ ಇಡೋ ಸೌಲಭ್ಯ) ಅದೇ ಸಾಕು ಅನ್ನೋರಿದ್ದಾರೆ. ಒಂದೇ ಸೈಟಿಗೆ ಎರಡು ಲಾಗಿನ್ ಬೇಕು ಅಷ್ಟೇ ಅಂದ್ರೆ ಸಾಕು, ಟ್ಯಾಬ್ ಮೇಲೆ ಬಣ್ಣದ ಗೆರೆನೂ ಬರುತ್ತೆ. ಆದ್ರೆ ಅಲ್ಲಿ ಬೇರೆ ಆಗೋದು ಕುಕೀಸ್ ಥರದ್ದು, ಹಿಸ್ಟರಿ, ಬುಕ್‌ಮಾರ್ಕ್, ಸೇವ್ ಮಾಡಿದ ಪಾಸ್‌ವರ್ಡ್ ಎಲ್ಲಾ ಒಂದೇ ಬುಟ್ಟೀಲಿ.

ಇಷ್ಟೆಲ್ಲಾ ಮಾಡಿದ್ಮೇಲೂ ಕೈ ಕೊಡೋದು ಹೊರಗಿನ ಲಿಂಕು. ಚಾಟ್ ಆ್ಯಪಲ್ಲಿ ಲಿಂಕ್ ಒತ್ತಿದ್ರೆ ಕ್ರೋಮ್ ಅದನ್ನ ಕೊನೇಗೆ ಬಳಸಿದ ಪ್ರೊಫೈಲಲ್ಲಿ ತೆಗೆಯುತ್ತೆ, ನಿಮ್ಗೆ ಬೇಕಾದ್ದರಲ್ಲಲ್ಲ. ಎಡ್ಜಲ್ಲಿ ಹೊರಗಿನ ಲಿಂಕಿಗೆ ಯಾವ ಪ್ರೊಫೈಲ್ ಅಂತ ಸೆಟ್ಟಿಂಗಲ್ಲೇ ಹೇಳ್ಬಹುದು. ಕ್ರೋಮಲ್ಲಾದ್ರೆ ನಾನು ಲಿಂಕ್ ಕಾಪಿ ಮಾಡ್ಕೊಂಡು ಬೇಕಾದ ವಿಂಡೋಗೆ ಹೋಗಿ ಪೇಸ್ಟ್ ಮಾಡ್ತೀನಿ. ಲಿಂಕ್ ಯಾವುದಾದ್ರೂ ಪೇಜ್ ಒಳಗೇ ಇದ್ರೆ ಅಷ್ಟು ಕಷ್ಟ ಬೇಡ, ರೈಟ್ ಕ್ಲಿಕ್ ಮಾಡಿದ್ರೆ ಬೇರೆ ಪ್ರೊಫೈಲಲ್ಲಿ ಓಪನ್ ಮಾಡೋ ಆಪ್ಷನ್ ಅಲ್ಲೇ ಸಿಗುತ್ತೆ.