ಬರ್ಲಿನ್: ಬಣ್ಣದ ಗೋಡೆಗಳು, ತೆರೆದ ಬಾಗಿಲುಗಳು

ಬರ್ಲಿನ್‌ಗೆ ಹೋದವರು ಈಸ್ಟ್ ಸೈಡ್ ಗ್ಯಾಲರಿ ನೋಡದೆ ಬರುವುದು ಕಡಿಮೆ. ನಾವೂ ಅಲ್ಲಿಂದಲೇ ಶುರು ಮಾಡಿದೆವು. ನನ್ನ ಅಕ್ಕನ ಮಗಳು ಆ ಊರಲ್ಲಿ ಓದುತ್ತಿದ್ದಾಳೆ. ಏಪ್ರಿಲ್ ರಜೆಯಲ್ಲಿ ಅವಳ ಹತ್ತಿರ ಹೋಗಿದ್ದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನನಗೆ, ಪೂರ್ವ ಜರ್ಮನಿ ತನ್ನ ಜನ ಪಶ್ಚಿಮಕ್ಕೆ ಹೋಗದಂತೆ ಊರಿನ ನಡುವೆ ಕಟ್ಟಿದ್ದ ಬರ್ಲಿನ್ ಗೋಡೆ ಅಂದರೆ ಪಠ್ಯಪುಸ್ತಕದ ನಾಲ್ಕಾರು ಸಾಲು. ಇಲ್ಲಿ ಅದು ಸ್ಪ್ರೀ ನದಿಯ ಪಕ್ಕ 1.3 ಕಿಲೋಮೀಟರ್ ಉದ್ದಕ್ಕೆ ನಿಂತಿತ್ತು, ಮೈತುಂಬ ಬಣ್ಣ ಬಳಿದುಕೊಂಡು.

1990ರಲ್ಲಿ 21 ದೇಶಗಳ 118 ಕಲಾವಿದರು ಸೇರಿ ಬಿಡಿಸಿದ ಚಿತ್ರಗಳಿವು. ಬಿಸಿಲಿಗೆ, ಮಳೆಗೆ ಹಾಳಾಗಿದ್ದವನ್ನು 2009ರಲ್ಲಿ ಮತ್ತೆ ಬಿಡಿಸಿದ್ದಾರೆ. ಸೋವಿಯತ್ ನಾಯಕ ಬ್ರೆಜ್ನೆವ್ ಮತ್ತು ಪೂರ್ವ ಜರ್ಮನಿಯ ನಾಯಕ ಹೊನೆಕರ್ ಮುತ್ತಿಡುವ ಚಿತ್ರದ ಮುಂದೆ ಸೆಲ್ಫಿಯವರ ಗುಂಪು. ಗೋಡೆಯನ್ನು ಒಡೆದುಕೊಂಡು ಬರುವ, ಪೂರ್ವ ಜರ್ಮನಿಯ ಟ್ರಾಬಂಟ್ ಕಾರಿನ ಮುಂದೆಯೂ ಅಷ್ಟೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾನಿ ಅಲಾವಿಯವರ ಚಿತ್ರ. ಗೋಡೆಯ ಸಂದಿಯಿಂದ ನೂರಾರು ಮುಖಗಳು ಒತ್ತೊತ್ತಾಗಿ ಹೊರಗೆ ಬರುತ್ತಿವೆ. ಹತ್ತಿರ ಹೋಗಿ ನೋಡಿದರೆ ಒಂದರಂತೆ ಇನ್ನೊಂದಿಲ್ಲ. ಒಬ್ಬರಿಗೆ ಖುಷಿ, ಒಬ್ಬರಿಗೆ ಗಾಬರಿ, ಒಬ್ಬರಿಗೆ ಇದು ನಿಜವೇ ಎಂಬ ಅನುಮಾನ.

"ಚಿಕ್ಕಮ್ಮ, ಗೋಡೆ ಕಾವಲಿದ್ದ ಕಾಲದಲ್ಲಿ ಈ ಕಡೆ ಒಂದು ಗೀಟು ಕೂಡ ಇರಲಿಲ್ಲ ಗೊತ್ತಾ?" ಅಂದಳು ಅವಳು.

ನಾವು ನಿಂತಿದ್ದದ್ದು ಪೂರ್ವದ ಕಡೆ. ಇಲ್ಲಿ ಜನ ಗೋಡೆಯ ಹತ್ತಿರ ಸುಳಿಯುವಂತೆಯೇ ಇರಲಿಲ್ಲ. ಬರೀ ಬಿಳಿ ಗೋಡೆ. ಈ ಬಣ್ಣವೆಲ್ಲ ಬಂದಿದ್ದು ಗಡಿ ತೆರೆದ ಮೇಲೆ. ಗೋಡೆ ಗಟ್ಟಿಯಾಗಿದ್ದಾಗಲೇ ಬಣ್ಣ ಹಚ್ಚಿದವರನ್ನು ಹುಡುಕಬೇಕಾದರೆ ಪಶ್ಚಿಮಕ್ಕೆ ಹೋಗಬೇಕು. ಓಬರ್‌ಬೌಮ್ ಸೇತುವೆ ದಾಟಿ ಕ್ರಾಯ್ಟ್ಸ್‌ಬರ್ಗ್ ಕಡೆ ನಡೆದೆವು.

ಅಲ್ಲಿ ಗೋಡೆ ಈಗಿಲ್ಲ, ಮರಗಳಿವೆ. 1984ರಲ್ಲಿ ಇಲ್ಲೇ ಹತ್ತಿರ ವಾಸವಾಗಿದ್ದ ತಿಯೆರಿ ನ್ವಾರ್ ಎಂಬ ಫ್ರೆಂಚ್ ಯುವಕ ಗೋಡೆಗೆ ಬಣ್ಣ ಹಚ್ಚಲು ಶುರು ಮಾಡಿದ. ದಪ್ಪ ತುಟಿಯ, ದೊಡ್ಡ ತಲೆಯ, ಎರಡು ಮೂರೇ ಬಣ್ಣದ ಮುಖಗಳು. ಅಷ್ಟು ಸರಳವಾಗಿದ್ದದ್ದಕ್ಕೆ ಕಾರಣವಿತ್ತು. ಗೋಡೆ ಕಟ್ಟಿದ್ದು ಸರಿಯಾಗಿ ಗಡಿಯ ಮೇಲಲ್ಲ, ಕೆಲವು ಮೀಟರ್ ಪೂರ್ವದ ಒಳಗೆ. ಹಾಗಾಗಿ ಕುಂಚ ಹಿಡಿದು ಗೋಡೆಯ ಮುಂದೆ ನಿಂತವನು ಆಗಲೇ ಪೂರ್ವ ಜರ್ಮನಿಯ ನೆಲದಲ್ಲಿ ನಿಂತಿರುತ್ತಿದ್ದ. ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಬಾಗಿಲುಗಳಿದ್ದವು. ಯಾವ ಗಳಿಗೆಯಲ್ಲಾದರೂ ಸೈನಿಕರು ಅದನ್ನು ತೆಗೆದು ಹೊರಗೆ ಬರಬಹುದಿತ್ತು. ಬೇಗ ಬೇಗ ಬಳಿದು ಓಡಬೇಕು.

ಈ ಬಾಗಿಲಿನ ವಿಷಯ ನನಗೆ ಗೊತ್ತೇ ಇರಲಿಲ್ಲ. 1986ರ ನವೆಂಬರಿನಲ್ಲಿ ಐವರು ಯುವಕರು ಗೋಡೆಯ ಮೇಲಿನ ಚಿತ್ರಗಳ ಮೇಲೆಯೇ ಒಂದು ಬಿಳಿ ಗೆರೆ ಎಳೆಯುತ್ತಾ ಹೊರಟರು. ಅವರೆಲ್ಲ ಪೂರ್ವವನ್ನು ಬಿಟ್ಟು ಬಂದವರೇ. ಇಷ್ಟು ಬಣ್ಣ ಬಳಿದು ಗೋಡೆಯನ್ನು ನೋಡುವ ತಾಣ ಮಾಡಿಬಿಟ್ಟಿದ್ದೀರಿ, ಇದು ಜೈಲು ಎಂಬುದೇ ಮರೆತುಹೋಗಿದೆ ಎಂಬುದು ಅವರ ಸಿಟ್ಟು. ಎರಡನೇ ದಿನ ಅಂಥದ್ದೇ ಒಂದು ಬಾಗಿಲಿನಿಂದ ಬಂದ ಗಡಿ ಸೈನಿಕರು ಅವರಲ್ಲಿ ಒಬ್ಬನನ್ನು ಒಳಗೆ ಎಳೆದುಕೊಂಡರು. ಅವನಿಗೆ ಜೈಲಾಯಿತು. ಅವರ ಸಿಟ್ಟಿನಲ್ಲಿ ನ್ಯಾಯವಿದೆ ಅನ್ನಿಸುತ್ತದೆ ನನಗೆ. ನ್ವಾರ್ ಮಾಡಿದ್ದರಲ್ಲೂ ಇದೆ. ಒಬ್ಬ ಭಯಕ್ಕೆ ಬಣ್ಣ ಹಚ್ಚಿದ, ಇನ್ನೊಬ್ಬ ಅದರ ಮೇಲೆ ಸುಣ್ಣದಂಥ ಗೆರೆ ಎಳೆದ. ಇಬ್ಬರೂ ಸುಮ್ನೆ ಕೂರಲಿಲ್ಲ.

ಮರುದಿನ ಎಂ10 ಟ್ರಾಮ್ ಹತ್ತಿ ಬೆರ್ನಾವರ್ ಸ್ಟ್ರಾಸೆಗೆ ಹೋದೆವು. ಬರ್ಲಿನ್‌ನಲ್ಲಿ ಒಂದೇ ಜಾಗ ನೋಡಲು ಸಮಯವಿದ್ದರೆ ನಾನು ಈ ರಸ್ತೆಯನ್ನೇ ಹೇಳುತ್ತೇನೆ. ಇಲ್ಲಿಯ ಗಡಿ ಎಷ್ಟು ವಿಚಿತ್ರ ನೋಡಿ. ರಸ್ತೆಯ ಒಂದು ಬದಿಯ ಮನೆಗಳು ಪೂರ್ವಕ್ಕೆ ಸೇರಿದ್ದವು. ಆ ಮನೆಗಳ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ. ಮುಂಬಾಗಿಲು ತೆಗೆದು ಒಂದು ಹೆಜ್ಜೆ ಇಟ್ಟರೆ ಬೇರೆ ದೇಶ! 1961ರ ಆಗಸ್ಟ್ 13ಕ್ಕೆ ಗಡಿ ಮುಚ್ಚಿದ ಮೇಲೆ ಆ ಬಾಗಿಲುಗಳಿಗೆ ಇಟ್ಟಿಗೆ ಕಟ್ಟಿದರು. ಜನ ಕಿಟಕಿಯಿಂದ ಹಾರಿದರು. ಕೆಳಗೆ ಪಶ್ಚಿಮದ ಅಗ್ನಿಶಾಮಕ ದಳದವರು ಬಲೆ ಹಿಡಿದು ನಿಂತರು. ಕೊನೆಗೆ ಕಿಟಕಿಗಳಿಗೂ ಇಟ್ಟಿಗೆ ಬಂತು. ಇಡಾ ಸೀಕ್‌ಮನ್ ಎಂಬ ನರ್ಸ್ ಆಗಸ್ಟ್ 22ರ ಬೆಳಿಗ್ಗೆ ಹಾಸಿಗೆ, ಬಟ್ಟೆಗಳನ್ನು ಮೊದಲು ಕೆಳಗೆ ಎಸೆದು, ಆಮೇಲೆ ತಾನೂ ಹಾರಿದರು. ಬದುಕಲಿಲ್ಲ. ಮರುದಿನ ಅವರಿಗೆ 59 ತುಂಬುತ್ತಿತ್ತು. ಗೋಡೆಯ ಬಳಿ ಸತ್ತವರ ಪಟ್ಟಿಯಲ್ಲಿ ಮೊದಲ ಹೆಸರು ಅವರದು.

ಆ ಮನೆಗಳು ಈಗಿಲ್ಲ. ಗೋಡೆ ಇದ್ದ ಸಾಲಿನಲ್ಲಿ ತುಕ್ಕು ಬಣ್ಣದ ಉದ್ದದ ಕಬ್ಬಿಣದ ಕಂಬಿಗಳನ್ನು ನೆಟ್ಟಿದ್ದಾರೆ. ದೂರದಿಂದ ಓರೆಯಾಗಿ ನೋಡಿದರೆ ಗೋಡೆಯೇ ನಿಂತಂತೆ ಕಾಣುತ್ತದೆ. ಹತ್ತಿರ ಬಂದರೆ ಕಂಬಿಗಳ ನಡುವೆ ಆರಾಮಾಗಿ ಆಚೆ ಈಚೆ ನಡೆಯಬಹುದು. ಒಂದು ಪುಟ್ಟ ಹುಡುಗಿ ಅಮ್ಮನ ಕೈ ಬಿಡಿಸಿಕೊಂಡು ಅದರೊಳಗೆ ಹಾವಿನ ಹಾಗೆ ಸುತ್ತಿ ಸುತ್ತಿ ಓಡುತ್ತಿದ್ದಳು. ನಾನೂ ದಾಟಿದೆ, ವಾಪಸ್ ಬಂದೆ, ಮತ್ತೆ ದಾಟಿದೆ. ಯಾರೂ ಕೇಳಲಿಲ್ಲ. ಗಂಟಲು ಕಟ್ಟಿತು.

ಪಾಠ ಮಾಡುವಾಗ ಮಕ್ಕಳು ಕೇಳುವುದುಂಟು, "ಅಷ್ಟು ದೊಡ್ಡ ಸರ್ಕಾರದ ಎದುರು ಒಬ್ಬೊಬ್ಬರು ಏನು ಮಾಡೋಕಾಗುತ್ತೆ ಮಿಸ್?" ಎಂದು. ಈ ರಸ್ತೆಯಲ್ಲಿ ನೆಲ ನೋಡಿಕೊಂಡು ನಡೆಯಿರಿ. ಸುರಂಗಗಳು ಹೋದ ದಾರಿಯನ್ನು ಗುರುತು ಹಾಕಿದ್ದಾರೆ. ಅದರಲ್ಲಿ ಒಂದು, 1964ರಲ್ಲಿ ವಿದ್ಯಾರ್ಥಿಗಳೇ ಹೆಚ್ಚಾಗಿದ್ದ ಒಂದು ಗುಂಪು ತೋಡಿದ್ದು. ಪಶ್ಚಿಮದ ಒಂದು ಮುಚ್ಚಿದ ಬೇಕರಿಯಿಂದ ಶುರುಮಾಡಿ, ಗೋಡೆಯ ಕೆಳಗೆ 145 ಮೀಟರ್ ಅಗೆದು, ಪೂರ್ವದ ಒಂದು ವಠಾರದ ಹಿತ್ತಿಲ ಪಾಯಿಖಾನೆಯಲ್ಲಿ ಮೇಲೆ ಬಂದರು. ಅಕ್ಟೋಬರಿನ ಎರಡು ರಾತ್ರಿಗಳಲ್ಲಿ ಬಂದವರು ಬಾಗಿಲಲ್ಲಿ ಹೇಳಬೇಕಾಗಿದ್ದ ಗುಟ್ಟಿನ ಮಾತು "ಟೋಕಿಯೊ". ಹಾಗೆ ಹೇಳಿ 57 ಜನ ತೆವಳಿಕೊಂಡು ದಾಟಿದರು. ಎರಡನೇ ರಾತ್ರಿ ಗುಂಡು ಹಾರಿತು, ಪೂರ್ವದ ಒಬ್ಬ ಯುವ ಸೈನಿಕ ಸತ್ತ. ಆ ದುಃಖವನ್ನು ಬಿಟ್ಟು ಈ ಕಥೆ ಹೇಳುವುದು ಸರಿಯಲ್ಲ. ಸುರಂಗಕ್ಕೆ ಕೈಜೋಡಿಸಿದ್ದ ರೈನ್‌ಹಾರ್ಡ್ ಫುರ್ರರ್ ಎಂಬ ವಿದ್ಯಾರ್ಥಿ 1985ರಲ್ಲಿ ಗಗನಯಾತ್ರಿಯಾಗಿ ಬಾಹ್ಯಾಕಾಶಕ್ಕೆ ಹೋಗಿಬಂದರು.

ಅದೇ 1985ರ ಜನವರಿಯಲ್ಲಿ ಈ ರಸ್ತೆಯ ಚರ್ಚ್ ಒಂದನ್ನು ಪೂರ್ವ ಜರ್ಮನಿಯವರು ಸ್ಫೋಟಿಸಿ ಕೆಡವಿದ್ದರು. ಪೂರ್ವದವರು ಎರಡು ಗೋಡೆ ಕಟ್ಟಿ ನಡುವೆ ಬಿಟ್ಟಿದ್ದ ಕಾವಲಿನ ಖಾಲಿ ನೆಲ, 'ಸಾವಿನ ಪಟ್ಟಿ'ಯಲ್ಲಿ ಅದು ಸಿಕ್ಕಿಕೊಂಡು, ವರ್ಷಗಟ್ಟಲೆ ಯಾರೂ ಒಳಗೆ ಕಾಲಿಡಲು ಆಗದ ಹಾಗಾಗಿತ್ತು. ಈಗ ಅಲ್ಲಿ ದುಂಡಗಿನ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ಹಳೆಯ ಚರ್ಚಿನ ಇಟ್ಟಿಗೆ ಚೂರುಗಳನ್ನೇ ಮಣ್ಣಿಗೆ ಬೆರೆಸಿ ಬಡಿದು ಬಡಿದು ಕಟ್ಟಿದ ಗೋಡೆ. ಮುಟ್ಟಿದರೆ ಒರಟು, ತಂಪು. ಸುತ್ತ ರೈ ಎಂಬ ಧಾನ್ಯದ ಪೈರು ಹಸಿರಾಗಿತ್ತು. ಸಾವಿನ ಪಟ್ಟಿಯಲ್ಲಿ ಬೆಳೆ!

ಬೋರ್ನ್‌ಹೋಲ್ಮರ್ ಸ್ಟ್ರಾಸೆಯ ಸೇತುವೆಗೆ ಹೋಗಿದ್ದು ಸಂಜೆ. 1989ರ ನವೆಂಬರ್ 9ರ ರಾತ್ರಿ ಮೊದಲು ತೆರೆದ ಗಡಿ ಇದು. ಇನ್ನು ಪ್ರಯಾಣಕ್ಕೆ ತಡೆಯಿಲ್ಲ ಎಂಬ ಮಾತು ಟಿವಿಯಲ್ಲಿ ಬಂದದ್ದೇ ತಡ, ಸಾವಿರಾರು ಜನ ಬಂದು ನಿಂತರು. ಕಾವಲಿನ ಅಧಿಕಾರಿ ಹರಾಲ್ಡ್ ಯೇಗರ್ ಮೇಲಿನವರಿಗೆ ಫೋನ್ ಮೇಲೆ ಫೋನ್ ಮಾಡಿದರು. ಸ್ಪಷ್ಟ ಉತ್ತರ ಬರಲಿಲ್ಲ. ರಾತ್ರಿ ಸುಮಾರು ಹನ್ನೊಂದೂವರೆಗೆ ತಾವೇ ತೀರ್ಮಾನ ಮಾಡಿ ಗೇಟು ತೆಗೆಸಿದರು. ಒಂದು ಗುಂಡೂ ಹಾರಲಿಲ್ಲ. ಜಪಾನಿನ ಜನ ದುಡ್ಡು ಸೇರಿಸಿ ಕೊಟ್ಟ ಚೆರ್ರಿ ಮರಗಳು ಅಲ್ಲಿ ಸಾಲಾಗಿ ಅರಳಿದ್ದವು. ನಮ್ಮ ಪಕ್ಕದಲ್ಲೇ ಟ್ರಾಮ್ ನಿಲ್ಲದೆ ಸೇತುವೆ ದಾಟಿತು.

ಬಣ್ಣ ಇನ್ನೂ ಹಸಿಯಾಗಿರುವ ಗೋಡೆ ಬೇಕಾದರೆ ಮೌವರ್‌ಪಾರ್ಕಿಗೆ ಹೋಗಬೇಕು. ದಿಬ್ಬದ ಮೇಲೆ ಉಳಿದಿರುವ ಗೋಡೆಯ ತುಂಡಿಗೆ ಯಾರು ಬೇಕಾದರೂ ಸ್ಪ್ರೇ ಮಾಡಬಹುದು, ತಡೆಯುವವರಿಲ್ಲ. ನಾವು ಹೋದಾಗ ಒಬ್ಬ ಹುಡುಗ ಮಾಸ್ಕ್ ಹಾಕಿಕೊಂಡು ನೀಲಿ ತಿಮಿಂಗಿಲ ಬಿಡಿಸುತ್ತಿದ್ದ. ಕೆಳಗೆ ಇನ್ಯಾರದೋ ಅಕ್ಷರಗಳು ಇನ್ನೂ ಕಾಣುತ್ತಿದ್ದವು. ಇಷ್ಟು ಚೆನ್ನಾಗಿ ಬಿಡಿಸಿದ್ದು ನಾಳೆ ಅಳಿಸಿಹೋದರೆ ಬೇಜಾರಾಗಲ್ವಾ ಎಂದು ಅಕ್ಕನ ಮಗಳ ಕೈಲಿ ಕೇಳಿಸಿದೆ. ಇವತ್ತು ತನಗೂ ಹಿಂದಿನವರು ಜಾಗ ಬಿಟ್ಟಿದ್ದರಲ್ಲ ಅಂದ. ಗೋಡೆಯ ಅಂಚಿನಲ್ಲಿ ಬಣ್ಣ ಹೊಪ್ಪಳಿಕೆಯಾಗಿ ಎದ್ದಿತ್ತು. ಪದರದ ಮೇಲೆ ಪದರ. ಅದರಲ್ಲಿ ಒಂದೂ ಹೆಸರಿನವರದಿರಲಿಕ್ಕಿಲ್ಲ. ಆದರೂ ಈಸ್ಟ್ ಸೈಡ್ ಗ್ಯಾಲರಿಗಿಂತ ಈ ಗೋಡೆ ನನಗೆ ಹೆಚ್ಚು ಹಿಡಿಸಿತು. ಅಲ್ಲಿ ಚಿತ್ರಗಳನ್ನು ಕಾಪಾಡುತ್ತಾರೆ. ಇಲ್ಲಿ ಬಿಡಿಸುವವರಿಗೆ ಜಾಗ ಕಾಪಾಡಿದ್ದಾರೆ.

ಕೊನೆಗೆ ಹೋದದ್ದು ಹಾಕೆಷರ್ ಮಾರ್ಕ್ಟ್ ಹತ್ತಿರದ ಹೌಸ್ ಶ್ವಾರ್ಟ್ಸೆನ್‌ಬರ್ಗ್‌ಗೆ. ರೋಸೆಂಥಾಲರ್ ಸ್ಟ್ರಾಸೆ, 39ನೇ ನಂಬರು. ಸುತ್ತಲಿನ ಕಟ್ಟಡಗಳೆಲ್ಲ ಹೊಸ ಬಣ್ಣ, ಹೊಸ ಅಂಗಡಿ. ಇದೊಂದು ಮಾತ್ರ ಗಾರೆ ಉದುರಿದ ಹಾಗೆಯೇ ಇದೆ. ತೆರೆದ ದ್ವಾರದ ಒಳಗೆ ಕತ್ತಲೆಯ ಓಣಿ, ಅದು ದಾಟಿದರೆ ಅಂಗಳ. ನೆಲದಿಂದ ತಲೆಯ ಮೇಲಿನವರೆಗೂ ಗ್ರಾಫಿಟಿ, ಅಂಟಿಸಿದ ಕಾಗದದ ಚಿತ್ರ, ಸ್ಟಿಕ್ಕರ್. ಆನ್ ಫ್ರಾಂಕ್‌ಳ ದೊಡ್ಡ ಮುಖ ಬಣ್ಣಗಳ ನಡುವೆ ನಗುತ್ತದೆ. ಜನ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಎಡಗಡೆ ಮೆಟ್ಟಿಲಿನ ಬಾಗಿಲೊಂದು ತೆರೆದಿದೆ. ದಯವಿಟ್ಟು ಅದನ್ನು ಹತ್ತಿ.

ಮೇಲೆ ಒಟ್ಟೊ ವೈಟ್ ಅವರ ಕಾರ್ಖಾನೆ ಇತ್ತು, ಈಗ ಅದು ಮ್ಯೂಸಿಯಂ. ಪೊರಕೆ ಮತ್ತು ಬ್ರಷ್ ಮಾಡುವ ಸಣ್ಣ ಕಾರ್ಖಾನೆ. ಅವರಿಗೆ ಸ್ವತಃ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ನಾಜಿಗಳ ಕಾಲದಲ್ಲಿ ಕಣ್ಣು ಕಾಣದ, ಕಿವಿ ಕೇಳದ ಯಹೂದಿಗಳನ್ನು ಕೆಲಸಕ್ಕೆ ಇಟ್ಟುಕೊಂಡರು. ಸೈನ್ಯಕ್ಕೆ ಬ್ರಷ್ ಬೇಕು, ಅದಕ್ಕೆ ಈ ಕೆಲಸಗಾರರು ಬೇಕೇ ಬೇಕು ಎಂದು ಅಧಿಕಾರಿಗಳಿಗೆ ಹೇಳುತ್ತಿದ್ದರು. ಲಂಚ ಕೊಟ್ಟರು, ಸುಳ್ಳು ಕಾಗದ ಮಾಡಿಸಿದರು. ಒಮ್ಮೆ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊ ಕೆಲಸಗಾರರನ್ನು ಹಿಡಿದುಕೊಂಡು ಹೋದಾಗ ಹಿಂದೆಯೇ ಹೋಗಿ ಬಿಡಿಸಿಕೊಂಡು ಬಂದರು. ಕೋಣೆಗಳು ಸಾಲಾಗಿವೆ, ಹಳೆಯ ನೆಲದ ಹಲಗೆ ಕಾಲಿಗೆ ಕಿರ್ ಅನ್ನುತ್ತದೆ. ಕೊನೆಯ ಕೋಣೆಗೆ ಕಿಟಕಿಯಿಲ್ಲ. ಅದರ ಬಾಗಿಲಿಗೆ ಅಡ್ಡವಾಗಿ ಆಗ ಬಟ್ಟೆಯ ಬೀರು ನಿಲ್ಲಿಸಿದ್ದರು. ಕೋಟುಗಳನ್ನು ಸರಿಸಿ ಬೀರಿನ ಹಿಂಬದಿಯಿಂದ ಒಳಗೆ ಹೋಗಬೇಕು. ಹೋರ್ನ್ ಎಂಬ ಕುಟುಂಬ, ಅಪ್ಪ ಅಮ್ಮ ಮತ್ತು ಇಬ್ಬರು ಮಕ್ಕಳು, ಅಲ್ಲಿ ಅಡಗಿದ್ದರು. 1943ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದರು. ನಾಲ್ವರೂ ಉಳಿಯಲಿಲ್ಲ. ಆ ಖಾಲಿ ಕೋಣೆಯಲ್ಲಿ ನನಗೆ ನಿಲ್ಲಲು ಆಗಲಿಲ್ಲ.

ಆದರೆ ವೈಟ್ ಅಲ್ಲಿಗೆ ಬಿಡಲಿಲ್ಲ. ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಆಲಿಸ್ ಲಿಖ್ಟ್ ಎಂಬ ಹುಡುಗಿಯನ್ನು ನಾಜಿಗಳ ಆಶ್‌ವಿಟ್ಜ್ ಕೊಲೆ ಶಿಬಿರಕ್ಕೆ ಸಾಗಿಸುವಾಗ ಅವಳು ರೈಲಿನಿಂದ ಒಂದು ಪೋಸ್ಟ್‌ಕಾರ್ಡ್ ಎಸೆದಳು. ಯಾರೋ ಅದನ್ನು ಎತ್ತಿ ಅಂಚೆಗೆ ಹಾಕಿದರು. ಕಾರ್ಡು ಕೈ ಸೇರಿದ್ದೇ ವೈಟ್ ಬ್ರಷ್ ವ್ಯಾಪಾರಿಯಾಗಿ ಆಶ್‌ವಿಟ್ಜ್‌ವರೆಗೂ ಹೋದರು. ಆಮೇಲೆ ಅವಳನ್ನು ಕಳಿಸಿದ್ದ ಇನ್ನೊಂದು ಶಿಬಿರದ ಹತ್ತಿರ ಕೋಣೆ ಬಾಡಿಗೆಗೆ ಹಿಡಿದು, ಬಟ್ಟೆ, ದುಡ್ಡು ಇಟ್ಟು ಬಂದರು. 1945ರ ಜನವರಿಯಲ್ಲಿ ಅವಳು ತಪ್ಪಿಸಿಕೊಂಡು ಬರ್ಲಿನ್ ಮುಟ್ಟಿದಳು. ಬದುಕಿದಳು. ಆ ಪೋಸ್ಟ್‌ಕಾರ್ಡ್ ಎತ್ತಿ ಹಾಕಿದವರ ಬಗ್ಗೆ ನಾನು ಈಗಲೂ ಯೋಚಿಸುತ್ತೇನೆ. ಅವರು ಮಾಡಿದ್ದು ಅಷ್ಟೇ, ಬಗ್ಗಿ ಎತ್ತಿಕೊಂಡದ್ದು. ಅಷ್ಟಿಲ್ಲದಿದ್ದರೆ ಉಳಿದದ್ದು ಯಾವುದೂ ಆಗುತ್ತಿರಲಿಲ್ಲ, ಅಲ್ವಾ?

ಇದೇ ಕಾರ್ಖಾನೆಯಲ್ಲಿ ಕೆಲಸ ಮಾಡಿ, ನಂತರ ಅಡಗಿಕೊಂಡು ಜೀವ ಉಳಿಸಿಕೊಂಡ ಇಂಗೆ ಡಾಯ್ಚ್‌ಕ್ರೋನ್ ಈ ಕೋಣೆಗಳನ್ನು ಉಳಿಸಲು ಹೋರಾಡಿದರು. 2022ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಮೊದಲು ಎಷ್ಟೋ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಈ ಕಥೆ ಹೇಳಿದ್ದರು.

ಮ್ಯೂಸಿಯಂಗೆ ಟಿಕೆಟ್ ಇಲ್ಲ. ಕೋಣೆಗಳು ಚಿಕ್ಕವು, ಜನ ಕಡಿಮೆ ಇರುವಾಗ ಹೋದರೆ ಒಳ್ಳೆಯದು. ಅಂಗಳದ ಬಣ್ಣಗಳಿಗೆ ಎಷ್ಟು ಹೊತ್ತು ಕೊಡುತ್ತೀರೋ, ಮೇಲಿನ ಆ ಕೋಣೆಗಳಿಗೂ ಅಷ್ಟೇ ಹೊತ್ತು ಇಟ್ಟುಕೊಳ್ಳಿ. ದೊಡ್ಡ ಮಕ್ಕಳಿದ್ದರೆ ಜೊತೆಗೆ ಕರೆದುಕೊಂಡು ಹೋಗಿ.