ಮೇಡಂ, ನನ್ನ ಹತ್ತಿರ ಇಷ್ಟೇ ದುಡ್ಡಿದೆ

ಗಂಡು ಬೆಕ್ಕು ಸಾಕಿದವರು ಒಂದು ವಿಷಯ ತಿಳಿದಿರಲೇಬೇಕು. ಅದು ಉಚ್ಚೆ ಹೊಯ್ಯಲು ಕೂತು, ತಿಣುಕಿ, ಏನೂ ಬಾರದೆ ಎದ್ದು, ಮತ್ತೆ ಇನ್ನೊಂದು ಮೂಲೆಗೆ ಹೋಗಿ ಕೂತರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ನಾಳೆ ನೋಡೋಣ ಅನ್ನುವ ಕಾಯಿಲೆ ಅಲ್ಲ ಅದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣ, ತುದಿಗೆ ಬರುತ್ತಾ ಇನ್ನೂ ಸಣ್ಣ. ಲೋಳೆ, ಹರಳು ಸೇರಿ ಅಲ್ಲಿ ಅಡ್ಡ ಕೂತರೆ ಹೊರಗೆ ಹೋಗಬೇಕಾದ ವಿಷವೆಲ್ಲ ರಕ್ತದಲ್ಲೇ ಉಳಿಯುತ್ತದೆ. ಪೊಟ್ಯಾಸಿಯಂ ಏರುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಪೂರ್ತಿ ಕಟ್ಟಿಕೊಂಡರೆ ಎರಡು ಮೂರು ದಿನದಲ್ಲಿ ಜೀವವೇ ಹೋಗುತ್ತದೆ. ಹೆಣ್ಣು ಬೆಕ್ಕಿಗೆ ನಾಳ ಅಗಲ ಇರುವುದರಿಂದ ಹೀಗೆ ಕಟ್ಟುವುದು ಕಡಿಮೆ.

ನಮ್ಮ ಗುಂಡನಿಗೆ ಇದು ಬಂದದ್ದು ಆಷಾಢದಲ್ಲಿ. ನಾನು ತೀರ್ಥಹಳ್ಳಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ನಾನು ಅಮ್ಮ ಇಬ್ಬರೇ. ಆಷಾಢ ಅಂದರೆ ಹೊಲಿಗೆಯವರಿಗೆ ಗೊತ್ತಿರುತ್ತದೆ, ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಬಟ್ಟೆ ತರುವುದಿಲ್ಲ. ಸಂಘದ ಕಂತು ಮಾತ್ರ ಆಷಾಢ ನೋಡುವುದಿಲ್ಲ. ಓವರ್‌ಲಾಕ್ ಮೆಷಿನ್ ತಗೊಳ್ಳಬೇಕು ಅಂತ ಕೂಡಿಟ್ಟಿದ್ದರಲ್ಲಿ ಕಂತು ಕಟ್ಟಿ ಉಳಿದಿದ್ದು ಐದೂವರೆ ಸಾವಿರ. ಅಷ್ಟೇ.

ಗುಂಡ ಬೆಳಿಗ್ಗೆ ಬಚ್ಚಲ ಒಲೆಯ ಬೂದಿಯಲ್ಲಿ ಕೂತು ತಿಣುಕುತ್ತಿದ್ದ. ಎದ್ದು ಹೋಗಿ ಬಟ್ಟೆಯ ಚೂರಿನ ರಾಶಿ ಮೇಲೆ ಕೂತ. ಅಲ್ಲಿಂದ ಎದ್ದು ಬಾಗಿಲ ಸಂದಿಗೆ. ಆಮೇಲೆ ಕೆಳಗೆ ನೆಕ್ಕಿಕೊಳ್ಳುತ್ತಾ ಒಂದು ಥರ ಗಂಟಲ ಒಳಗಿಂದ ಕೂಗಿದ. ಅವನು ಹಾಗೆ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಪಕ್ಕದ ಮನೆಯವರು ಮಲಬದ್ಧತೆ ಇರಬೇಕು, ಹರಳೆಣ್ಣೆ ಕುಡಿಸು ಅಂದರು. ಇನ್ನೊಬ್ಬರು ನೋವಿಗೆ ಅರ್ಧ ಡೋಲೋ ಕೊಡು ಅಂದರು. ಅವರೆಲ್ಲ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಡೋಲೋ ಅಂದರೆ ಪ್ಯಾರಾಸಿಟಮಾಲ್, ಅದು ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ, ಒಂದು ಮಾತ್ರೆ ಸಾಕು ಸಾಯಲು. ಇದನ್ನು ದಯವಿಟ್ಟು ಎಲ್ಲರಿಗೂ ಹೇಳಿ.

ನಮ್ಮೂರ ದನದ ಆಸ್ಪತ್ರೆಯ ಡಾಕ್ಟ್ರು ಹೊಟ್ಟೆಯ ಕೆಳಭಾಗ ಮೆಲ್ಲಗೆ ಮುಟ್ಟಿ ನೋಡಿ, ನನ್ನ ಬೆರಳನ್ನೂ ಅಲ್ಲಿ ಇಡಿಸಿದರು. ಕಿತ್ತಳೆ ಹಣ್ಣಿನಷ್ಟು ದೊಡ್ಡ ಗಟ್ಟಿ ಉಂಡೆ. "ಇದು ಮೂತ್ರಚೀಲ. ಒತ್ತಬೇಡಿ, ಒಡೆದು ಹೋದೀತು. ಇವನಿಗೆ ಹಾಕುವಷ್ಟು ಸಣ್ಣ ನಳಿಕೆ ನನ್ನ ಹತ್ತಿರ ಇಲ್ಲ. ಈಗಲೇ ಶಿವಮೊಗ್ಗಕ್ಕೆ ಹೊರಡಿ" ಅಂದರು. ದನ, ಎಮ್ಮೆ, ಕುರಿ ನೋಡುವ ಆಸ್ಪತ್ರೆ ಅದು. ಬೆಕ್ಕಿನ ಸಾಮಾನು ಅಲ್ಲಿ ಎಲ್ಲಿಂದ ಬರಬೇಕು? ಸಮಯ ಹಾಳು ಮಾಡದೆ ಸರಿಯಾಗಿ ಹೇಳಿ ಕಳಿಸಿದರಲ್ಲ, ಅದೇ ದೊಡ್ಡದು.

ತರಕಾರಿ ತರುವ ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಒಂದರ ಮೇಲೊಂದು ಮುಚ್ಚಿ ಹಗ್ಗದಲ್ಲಿ ಬಿಗಿದು ಅದರೊಳಗೆ ಅವನನ್ನು ಮಲಗಿಸಿದೆ. ಬಾಟಲಿಗೆ ಬಿಸಿನೀರು ತುಂಬಿ, ಹಳೆ ಸೀರೆಯ ತುಂಡು ಸುತ್ತಿ ಪಕ್ಕದಲ್ಲಿಟ್ಟೆ, ಮೈ ಆಗಲೇ ತಣ್ಣಗಾಗುತ್ತಿತ್ತು. ಹೊರಗೆ ಮಳೆ ಹಿಡಿದು ಹೊಡೆಯುತ್ತಿತ್ತು. ನಮ್ಮ ಕಡೆ ಪ್ರೈವೇಟ್ ಬಸ್ಸೇ ಜಾಸ್ತಿ, ಕಂಡಕ್ಟರ್ ಬುಟ್ಟಿಯೊಳಗೆ ಬಗ್ಗಿ ನೋಡಿ "ಅಯ್ಯೋ ಪಾಪ" ಅಂದು ಮುಂದೆ ಇಂಜಿನ್ ಹತ್ತಿರ ಜಾಗ ಮಾಡಿಕೊಟ್ಟರು, ಅಲ್ಲಿ ಬೆಚ್ಚಗಿತ್ತು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವಷ್ಟು ಹೊತ್ತೂ ನನ್ನ ಕೈ ಬುಟ್ಟಿಯ ಕಂಡಿಯಲ್ಲೇ ಇತ್ತು.

ಬಸ್ಸಿನಿಂದಲೇ ಒಂದು ಪ್ರೈವೇಟ್ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿದ್ದೆ. ಅಡ್ಮಿಟ್, ಸ್ಕ್ಯಾನ್, ಎಲ್ಲ ಸೇರಿ ಹದಿನೈದು ಸಾವಿರದ ಮೇಲಾಗುತ್ತೆ ಅಂದರು. ಅವರದ್ದು ಮೋಸದ ರೇಟು ಅಂತ ನಾನು ಹೇಳುವುದಿಲ್ಲ, ರಾತ್ರಿ ಹಗಲು ಒಬ್ಬರು ಕೂತು ನೋಡಬೇಕಾದ ಕೆಲಸ ಅದು. ಆದರೆ ಇಲ್ಲದ ದುಡ್ಡು ಎಲ್ಲಿಂದ ತರಲಿ. ನೇರ ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೆ ಹೋದೆ. ಸರ್ಕಾರಿ ಕಾಲೇಜು, ಅಲ್ಲಿನ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ. ಬೆಂಗಳೂರಲ್ಲಾದರೆ ಹೆಬ್ಬಾಳದಲ್ಲಿದೆ, ಹಾಸನ, ಬೀದರ್‌ನಲ್ಲೂ ಇವೆ. ಬೆಕ್ಕು ನಾಯಿ ಸಾಕಿರುವ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಅಲ್ಲಿ ನೋಡಿದ ಡಾಕ್ಟರ್ ಒಬ್ಬರು ಹೆಣ್ಣುಮಗಳು. ಅವರು ಪರೀಕ್ಷೆಗಳ ಹೆಸರು ಬರೆಯಲು ಶುರುಮಾಡುವ ಮೊದಲೇ ನಾನು ಹೇಳಿದೆ, "ಮೇಡಂ, ನನ್ನ ಹತ್ತಿರ ಐದೂವರೆ ಸಾವಿರ ಇದೆ. ವಾಪಸ್ ಹೋಗುವ ಬಸ್ ಚಾರ್ಜೂ ಅದರಲ್ಲೇ. ಮಾಡಲೇಬೇಕಾದ್ದು ಯಾವುದು, ಆಮೇಲೆ ಮಾಡಿದರೂ ನಡೆಯೋದು ಯಾವುದು ಹೇಳಿ."

ಇದನ್ನು ಹೇಳಲು ನಮಗೆಲ್ಲ ನಾಚಿಕೆ ಆಗುತ್ತದೆ ಅಲ್ವಾ? ದುಡ್ಡಿಲ್ಲ ಅಂದರೆ ಪ್ರೀತಿ ಇಲ್ಲ ಅಂದುಕೊಂಡಾರು, ಸರಿಯಾಗಿ ನೋಡದೇ ಕಳಿಸಿಬಿಟ್ಟಾರು ಅಂತ ಭಯ. ಹಾಗಾಗಿ ಸುಮ್ನೆ ತಲೆ ಆಡಿಸುತ್ತೇವೆ, ಬರೆದದ್ದಕ್ಕೆಲ್ಲ ಹೂಂ ಅನ್ನುತ್ತೇವೆ, ಅರ್ಧ ದಾರಿಯಲ್ಲಿ ದುಡ್ಡು ಮುಗಿದು ಬೆಕ್ಕನ್ನು ಎತ್ತಿಕೊಂಡು ಮನೆಗೆ ಬರುತ್ತೇವೆ. ಮೇಡಂ ಪೆನ್ನು ಕೆಳಗಿಟ್ಟು "ಮೊದಲೇ ಹೇಳಿದ್ದು ಒಳ್ಳೇದಾಯ್ತು" ಅಂದರು. ಆಮೇಲೆ ಒಂದು ಚೀಟಿ ತಗೊಂಡು ನನಗೆ ಕಾಣುವ ಹಾಗೆ ಬರೆದರು. ಇವತ್ತೇ ಆಗಬೇಕಾದ್ದು ನಳಿಕೆ ಹಾಕಿ ಮೂತ್ರ ಬಿಡಿಸುವುದು, ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಲೆಕ್ಕ) ಮತ್ತು ಪೊಟ್ಯಾಸಿಯಂ ನೋಡುವುದು, ಡ್ರಿಪ್. ಸ್ಕ್ಯಾನ್ ಮತ್ತು ಸೋಂಕು ಇದೆಯಾ ಅಂತ ನೋಡುವ ಮೂತ್ರದ ಕಲ್ಚರ್ ಅವನು ಚೇತರಿಸಿಕೊಂಡ ಮೇಲೆ. ಕಲ್ಲು ಇದ್ದರೆ ಮತ್ತೆ ಕಟ್ಟಬಹುದು, ಆ ಅಪಾಯ ಇದ್ದೇ ಇದೆ ಅಂತ ಸ್ಪಷ್ಟವಾಗಿ ಹೇಳಿದರು.

ಇನ್ನೊಂದು ಮಾತನ್ನೂ ಹೇಳಿದರು. ರಕ್ತದ ರಿಪೋರ್ಟ್ ತೀರಾ ಕೆಟ್ಟಿದ್ದರೆ, ನಳಿಕೆ ಹೋಗದಿದ್ದರೆ, ನೋವಿಲ್ಲದೆ ಕಳಿಸಿಕೊಡುವ ಇಂಜೆಕ್ಷನ್ ಇದೆ, ಅದನ್ನೂ ಯೋಚನೆ ಮಾಡಿಟ್ಟುಕೊಳ್ಳಿ ಅಂತ. ನನಗೆ ಕಣ್ಣು ತುಂಬಿ ಬಂತು. ಆದರೆ ಹೇಳಿದ್ದು ಸರಿ. ಉಚ್ಚೆ ಕಟ್ಟಿ ಸಾಯುವುದು ಭಯಂಕರ ನೋವಿನ ಸಾವು. ದುಡ್ಡು ಸಾಲದೆ ಆ ದಾರಿ ಹಿಡಿದವರನ್ನು ಕಲ್ಲು ಮನಸ್ಸಿನವರು ಅಂತ ಯಾರೂ ಅನ್ನಬಾರದು.

ಕ್ರಿಯೇಟಿನಿನ್ 9 ದಾಟಿತ್ತು. ಆರೋಗ್ಯವಾಗಿರುವ ಬೆಕ್ಕಿಗೆ ಸಾಮಾನ್ಯವಾಗಿ 2ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ಎದೆಬಡಿತ ನಿಧಾನ ಇತ್ತು, ಹೃದಯ ಕಾಪಾಡಲು ಮೊದಲು ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟರು. ಅದು ಬಹಳ ದುಬಾರಿ ಔಷಧಿಯೇನಲ್ಲ. ಆಮೇಲೆ ಮಂಪರು ಬರಿಸಿ, ಸಣ್ಣ ನಳಿಕೆಯಲ್ಲಿ ಸಲೈನ್ ಒತ್ತುತ್ತಾ ಒತ್ತುತ್ತಾ ಅಡ್ಡ ಇದ್ದದ್ದನ್ನು ಹಿಂದಕ್ಕೆ ತಳ್ಳಿದರು. ನಾನು ಅವನ ತಲೆ ಹಿಡಿದುಕೊಂಡು ನಿಂತಿದ್ದೆ. ಮೊದಲು ಒಂದೊಂದೇ ಹನಿ, ಆಮೇಲೆ ಒಮ್ಮೆಲೇ ಧಾರೆ, ಕೆಂಪಗೆ. ಟ್ರೇಯ ತಳದಲ್ಲಿ ಹರಳು ಕೂತದ್ದನ್ನು ಮೇಡಂ ಬೆರಳಲ್ಲಿ ಉಜ್ಜಿ, "ನೋಡಿ, ಮುಟ್ಟಿ" ಅಂದರು. ಸಣ್ಣ ಮರಳೇ. ಇಷ್ಟಕ್ಕೇ ಒಂದು ಜೀವ ಹೋಗುತ್ತಿತ್ತು.

ಸಂಜೆಯವರೆಗೆ ಅಲ್ಲೇ ಡ್ರಿಪ್ ಹಾಕಿದರು. ಅವನನ್ನು ಅಲ್ಲೇ ಉಳಿಸಿಕೊಂಡು ನೋಡಿಕೊಳ್ಳೋಣ ಅಂದರೆ ಶಿವಮೊಗ್ಗದಲ್ಲಿ ಉಳಿಯುವ ಅನುಕೂಲ ನನಗೆ ಇರಲಿಲ್ಲ. ಮೇಡಂ ನಮ್ಮೂರ ಡಾಕ್ಟ್ರಿಗೆ ಫೋನ್ ಮಾಡಿ, ಚೀಟಿಯನ್ನೂ ಬರೆದುಕೊಟ್ಟು, ಮುಂದಿನ ಡ್ರಿಪ್ ಅಲ್ಲೇ ಆಗುವ ಹಾಗೆ ಮಾಡಿದರು. ಮುಂಗಾಲಿನ ಸೂಜಿ ಹಾಗೇ ಬಿಟ್ಟರು, ನಳಿಕೆಯನ್ನು ಹೊಲಿಗೆ ಹಾಕಿ ನಿಲ್ಲಿಸಿದರು. ಮೂತ್ರ ಹಿಡಿಯಲು ದುಬಾರಿ ಬ್ಯಾಗ್ ಬೇಡ ಅಂತ ಹೊಸ ಡ್ರಿಪ್ ಸೆಟ್ಟಿನ ಪೈಪನ್ನು ಖಾಲಿಯಾದ ಸಲೈನ್ ಬಾಟಲಿಗೆ ಜೋಡಿಸಿದರು. ಬಾಟಲಿ ಯಾವಾಗಲೂ ಬೆಕ್ಕಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಮೂತ್ರ ವಾಪಸ್ ಹೋಗುತ್ತದೆ.

ಬೆಕ್ಕು ನಳಿಕೆ ಕಚ್ಚಿ ಕೀಳದ ಹಾಗೆ ಕುತ್ತಿಗೆಗೆ ಕಾಲರ್ ಬೇಕಲ್ಲ, ಅದನ್ನು ನಾನೇ ಮಾಡಿದೆ. ಅಮ್ಮನ ಮಂಡಿಯ ಹಳೆ ಎಕ್ಸ್‌ರೇ ಫಿಲ್ಮ್ ಇತ್ತು. ಅದನ್ನು ದುಂಡಗೆ ಕತ್ತರಿಸಿ, ಒಳಗೆ ಕುತ್ತಿಗೆ ಅಳತೆಗೆ ಇನ್ನೊಂದು ದುಂಡು ತೆಗೆದು, ಚೂಪು ಅಂಚು ಚುಚ್ಚಬಾರದು ಅಂತ ಎರಡೂ ಕಡೆ ಕಾಟನ್ ಪೈಪಿಂಗ್ ಕೊಟ್ಟು ಹೊಲಿದೆ. ಹಿಂದೆ ಬ್ಲೌಸಿಗೆ ಹಾಕುವ ಥರ ಕಸೆ. ಫಿಟ್ಟಿಂಗ್ ಚೆನ್ನಾಗಿ ಬಂತು. ಲೈಟಿನ ಎದುರು ಬಂದರೆ ಅವನ ಮುಖದ ಸುತ್ತ ಅಮ್ಮನ ಮಂಡಿ ಚಿಪ್ಪು ಕಾಣುತ್ತಿತ್ತು.

ಅಳತೆ ಬರೆಯುವ ಪುಸ್ತಕದಲ್ಲೇ ಅವನ ಲೆಕ್ಕವನ್ನೂ ಬರೆದಿಟ್ಟೆ. ಬಾಟಲಿಯ ಮೇಲೆ ಗೀಟುಗಳಿರುತ್ತವೆ, ಎಷ್ಟು ಎಂಎಲ್ ತುಂಬಿತು ಅಂತ ನೋಡಿ ಬರೆಯುವುದು. ಕಟ್ಟಿದ್ದು ಬಿಟ್ಟ ಮೇಲೆ ಬೆಕ್ಕುಗಳು ಮಾಮೂಲಿಗಿಂತ ಎಷ್ಟೋ ಜಾಸ್ತಿ ಮೂತ್ರ ಮಾಡುತ್ತವೆ, ಅಷ್ಟು ನೀರು ಡ್ರಿಪ್ಪಿನಲ್ಲಿ ವಾಪಸ್ ಹೋಗದಿದ್ದರೆ ಮತ್ತೆ ಕುಸಿಯುತ್ತವೆ. ನನ್ನ ಪುಸ್ತಕ ನೋಡಿಯೇ ನಮ್ಮೂರ ಡಾಕ್ಟ್ರು ಎಷ್ಟು ಹಾಕಬೇಕು ಅಂತ ತೀರ್ಮಾನ ಮಾಡುತ್ತಿದ್ದರು. ಕರೆಂಟ್ ಹೋದಾಗ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಅಮ್ಮ ಅರ್ಧ ರಾತ್ರಿ, ನಾನು ಅರ್ಧ ರಾತ್ರಿ.

ನಡುವೆ ದುಡ್ಡು ಮುಗಿಯಿತು. ಖಾಯಂ ಬಟ್ಟೆ ಕೊಡುವ ಟೀಚರ್ ಒಬ್ಬರಿಗೆ ವಿಷಯ ಹೇಳಿದೆ. "ಶ್ರಾವಣಕ್ಕೆ ಹೇಗೂ ಹೊಲಿಸಬೇಕು ಮಾರಾಯ್ತಿ" ಅಂತ ಬ್ಲೌಸುಗಳ ಅಡ್ವಾನ್ಸ್ ತಂದು ಕೈಯಲ್ಲಿಟ್ಟರು. ಅದೇ ಬೀದಿಯಲ್ಲಿ "ಬೆಕ್ಕಿಗೆ ಇಷ್ಟು ದುಡ್ಡಾ" ಅಂದವರೂ ಇದ್ದಾರೆ. ಹೌದು, ಬೆಕ್ಕಿಗೇ. ಅಪ್ಪ ಹೋದ ವರ್ಷ ಅಮ್ಮ ಅನ್ನ ಬಿಟ್ಟು ಕೂತಾಗ ಅವರ ತೊಡೆ ಬಿಡದೆ ಮಲಗಿದ್ದವನು ಅವನು. ಅವನಿಗೆ ಹಾಲು ಹಾಕಬೇಕು ಅಂತಲೇ ಅಮ್ಮ ಬೆಳಿಗ್ಗೆ ಎದ್ದು ಒಲೆ ಹತ್ತಿಸಿದ್ದು.

ನಳಿಕೆ ತೆಗೆದ ದಿನ ನನಗೆ ತುಂಬಾ ಭಯ ಇತ್ತು. ಮತ್ತೆ ಕಟ್ಟುವುದಾದರೆ ಮೊದಲ ಕೆಲವು ದಿನಗಳಲ್ಲೇ ಜಾಸ್ತಿ ಅಂತ ಮೇಡಂ ಹೇಳಿದ್ದರು. ಒದ್ದೆ ಆದದ್ದು, ಬಣ್ಣ ಎರಡೂ ಕಾಣಲಿ ಅಂತ ಎಲ್ಲಾ ಮೂಲೆಯಲ್ಲೂ ಪೇಪರ್ ಹಾಸಿದ್ದೆವು. ಅವನು ಪೇಪರ್ ಕಡೆ ತಿರುಗಿಯೂ ನೋಡದೆ ಬಚ್ಚಲ ಬೂದಿಗೇ ಹೋಗಿ ಕೂತ. ಅಮ್ಮ ಉಸಿರು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎದ್ದು ಹೋದ ಮೇಲೆ ಕೈ ಹಾಕಿ ನೋಡಿ, "ಹೊಯ್ದಿದ್ದಾನೆ ಕಣೇ, ಒಂದು ಮುಷ್ಟಿ ಬೂದಿ ಪೂರ್ತಿ ಒದ್ದೆ" ಅಂತ ಕೂಗಿಕೊಂಡರು.

ಈಗ ಅವನ ಊಟ ಬದಲಾಗಿದೆ. ಬೆಕ್ಕು ಮೊದಲೇ ಕಡಿಮೆ ನೀರು ಕುಡಿಯುವ ಪ್ರಾಣಿ. ಪ್ಯಾಕೆಟ್ಟಿನ ಒಣ ಕಾಳಲ್ಲಿ ನೀರು ನೂರಕ್ಕೆ ಹತ್ತರಷ್ಟು ಇದ್ದರೆ ಹೆಚ್ಚು. ಮೂತ್ರದ ತೊಂದರೆಗೆ ಅಂತಲೇ ಬರುವ ಆಹಾರ ಕಿಲೋಗೆ ಸಾವಿರಕ್ಕೂ ಜಾಸ್ತಿ. ಮೇಡಂ ಹೇಳಿದಷ್ಟು ದಿನ ಸಣ್ಣ ಪ್ಯಾಕೆಟ್ ತಂದು ನೀರಲ್ಲಿ ನೆನೆಸಿ ಹಾಕಿದೆ, ಹರಳು ಕರಗಲು ಅದು ಬೇಕೇ ಬೇಕಿತ್ತು. ಈಗ ಅವರನ್ನು ಕೇಳಿಯೇ ಉಪ್ಪು ಹಾಕದೆ ಬೇಯಿಸಿದ ಕೋಳಿ, ಬೆಂದ ನೀರಿನ ಸಮೇತ, ನಡುವೆ ನೆನೆಸಿದ ಕಾಳು. ಆಗುಂಬೆ ಘಾಟಿ ಹತ್ತಿ ಬಂಗುಡೆ ಬಂದ ದಿನ ಒಂದು ತುಂಡು, ಅದೂ ಯಾವಾಗಲೋ ಒಮ್ಮೆ. ಮನೆಯಲ್ಲಿ ಅಲ್ಲಲ್ಲಿ ನೀರಿನ ಬಟ್ಟಲು ಇಟ್ಟಿದ್ದೇವೆ. ಮೆಷಿನ್ ಕೆಳಗಿನ ಬಟ್ಟಲೇ ಅವನಿಗೆ ಇಷ್ಟ.

ಶ್ರಾವಣದ ಬ್ಲೌಸುಗಳು ಮುಗಿದ ಮೇಲೆ ಸ್ಕ್ಯಾನ್ ಮಾಡಿಸಿದೆ. ಕಲ್ಲಿಲ್ಲ. ಕ್ರಿಯೇಟಿನಿನ್ 1.8ಕ್ಕೆ ಇಳಿದಿದೆ. ಮೇಲಿಂದ ಮೇಲೆ ಕಟ್ಟಿದರೆ ನಾಳದ ತುದಿಯನ್ನು ಅಗಲ ಮಾಡುವ ಆಪರೇಷನ್ ಇದೆಯಂತೆ, ಅದಕ್ಕೆ ಎಷ್ಟಾಗಬಹುದು ಅಂತಲೂ ಈಗಲೇ ಕೇಳಿ ಬರೆದುಕೊಂಡು ಬಂದಿದ್ದೇನೆ. ಪ್ರತಿ ಬ್ಲೌಸಿನ ಕೂಲಿಯಲ್ಲಿ ಹತ್ತು ರೂಪಾಯಿ ಬೇರೆ ಡಬ್ಬಿಗೆ ಹೋಗುತ್ತದೆ. ಓವರ್‌ಲಾಕ್ ಮೆಷಿನ್ ದೀಪಾವಳಿ ಆದಮೇಲೆ ನೋಡೋಣ.