ಸುದ್ದಿಯ ಉದ್ದ ಅಳೆಯೋದು ಯಾರು?

1930ರ ಏಪ್ರಿಲ್ 18, ಗುಡ್ ಫ್ರೈಡೆ. ರಾತ್ರಿ 8.45ಕ್ಕೆ ಬಿಬಿಸಿ ರೇಡಿಯೊದಲ್ಲಿ ವಾರ್ತೆಯ ಹೊತ್ತು. ವಾರ್ತೆ ಓದಬೇಕಾದವರು ಮೈಕ್ ಮುಂದೆ ಕೂತು, ಇವತ್ತು ಸುದ್ದಿ ಇಲ್ಲ ಅಂದರು. ಅಷ್ಟೇ. ಉಳಿದ ಹೊತ್ತಿಗೆ ಪಿಯಾನೊ ಹಾಕಿದರು. ಈ ಕತೆಯನ್ನು ಈಗ ಎಲ್ಲರೂ ಆಸೆಪಟ್ಟು ಹೇಳುತ್ತಾರೆ, ಎಂಥ ನೆಮ್ಮದಿಯ ಕಾಲ ಅಲ್ವಾ ಅಂತ.

ನನಗೇನೋ ಹಾಗೆ ಅನ್ನಿಸೋದಿಲ್ಲ. ಅದೇ ದಿನ ಬಂಗಾಳದ ಚಿತ್ತಗಾಂಗ್‌ನಲ್ಲಿ ಕ್ರಾಂತಿಕಾರಿ ಸೂರ್ಯ ಸೇನ್ ಮತ್ತು ಸಂಗಡಿಗರು ಬ್ರಿಟಿಷರ ಶಸ್ತ್ರಾಗಾರಕ್ಕೆ ನುಗ್ಗಿದ್ದರು. ಅಲ್ಲಿ ರಾತ್ರಿ ಹತ್ತಾದಾಗ ಲಂಡನ್ನಿನಲ್ಲಿ ಇನ್ನೂ ಸಂಜೆ, ವಾರ್ತೆಗೆ ಕೆಲವು ಗಂಟೆ ಬಾಕಿ. ಆದರೆ ಅವರು ಹಾಳುಗೆಡವಿದ ಜಾಗಗಳಲ್ಲಿ ಟೆಲಿಫೋನ್ ಮತ್ತು ತಂತಿ ಕಚೇರಿಯೂ ಒಂದು. ಸುದ್ದಿಗೇನೂ ಬರ ಇರಲಿಲ್ಲ, ಸ್ಟುಡಿಯೊಗೆ ಬಂದು ಮುಟ್ಟಿರಲಿಲ್ಲ.

ನಡೆದದ್ದೇ ಸುದ್ದಿ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಪತ್ರಿಕೆಗಳ ಚರಿತ್ರೆ ಓದುತ್ತಾ ಹೋದರೆ ಯಾವುದು ಸುದ್ದಿ, ಎಷ್ಟುದ್ದ, ಯಾವ ಮಾತು ಮೊದಲು ಅನ್ನೋದನ್ನೆಲ್ಲ ಅರ್ಧಕ್ಕರ್ಧ ಯಂತ್ರವೇ ತೀರ್ಮಾನ ಮಾಡಿದೆ ಅಂತ ಗೊತ್ತಾಗುತ್ತದೆ. 1605ರಲ್ಲಿ ಸ್ಟ್ರಾಸ್‌ಬರ್ಗ್‌ನ ಯೋಹಾನ್ ಕರೋಲಸ್ ಅಚ್ಚಿನಲ್ಲಿ ವಾರಪತ್ರಿಕೆ ಹೊರಡಿಸಿದ. ಜಗತ್ತಿನ ಮೊದಲ ಪತ್ರಿಕೆ ಅಂತ ಇದನ್ನೇ ತೋರಿಸುತ್ತಾರೆ. ಅದಕ್ಕೂ ಮುಂಚೆ ಅವನು ಸುದ್ದಿಪತ್ರಗಳನ್ನು ಕೈಯಲ್ಲಿ ಬರೆಸಿ ದುಡ್ಡಿದ್ದವರಿಗೆ ಮಾರುತ್ತಿದ್ದ. ನಕಲು ಮಾಡಿಸೋದು ತುಂಬ ನಿಧಾನ, ಅದಕ್ಕೇ ಅಚ್ಚಿಗೆ ಬಂದೆ ಅಂತ ನಗರ ಮಂಡಳಿಗೆ ಕೊಟ್ಟ ಅರ್ಜಿಯಲ್ಲಿ ಅವನೇ ಬರೆದಿದ್ದಾನೆ. ಜನರನ್ನು ಎಚ್ಚರಿಸುವ ದೊಡ್ಡ ಮಾತೇನೂ ಇಲ್ಲ, ಕೆಲಸ ಬೇಗ ಮುಗೀಬೇಕು ಅಷ್ಟೇ.

ಆಮೇಲೆ ಇನ್ನೂರು ವರ್ಷ ಅದೇ ಕೈಯಂತ್ರ. ಇಬ್ಬರು ಮೈ ಬಗ್ಗಿಸಿ ದುಡಿದರೆ ಗಂಟೆಗೆ ಸುಮಾರು 250 ಹಾಳೆ, ಅದೂ ಒಂದೇ ಮಗ್ಗುಲು. ಇದು ಮುರಿದದ್ದು 1814ರ ನವೆಂಬರ್ 29ರ ಬೆಳಗಿನ ಜಾವ, ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯಲ್ಲಿ. ಫ್ರೀಡ್ರಿಕ್ ಕೋನಿಗ್ ಎಂಬ ಜರ್ಮನ್ ಮಾಡಿದ ಉಗಿಯಂತ್ರವನ್ನು ಗುಟ್ಟಾಗಿ ಬೇರೆ ಕಟ್ಟಡದಲ್ಲಿ ಜೋಡಿಸಿದ್ದರು. ಹೊರದೇಶದ ಸುದ್ದಿ ಬರೋದಿದೆ, ಕಾಯಿರಿ ಅಂತ ಹೇಳಿ ಕೈಯಂತ್ರದ ಕೆಲಸಗಾರರನ್ನು ಕೂರಿಸಿಟ್ಟಿದ್ದರು. ಬೆಳಿಗ್ಗೆ ಆರರ ಹೊತ್ತಿಗೆ ಮಾಲೀಕ ಜಾನ್ ವಾಲ್ಟರ್ ಒಳಗೆ ಬಂದು, ಇವತ್ತಿನ ಪತ್ರಿಕೆ ಆಗಲೇ ಉಗಿಯಲ್ಲಿ ಅಚ್ಚಾಗಿದೆ ಅಂದ. ಗಲಾಟೆ ಮಾಡಿದರೆ ಹತ್ತಿಕ್ಕೋಕೆ ಜನ ಸಿದ್ಧ ಇದ್ದಾರೆ, ತೆಪ್ಪಗಿದ್ದರೆ ಬೇರೆ ಕೆಲಸ ಸಿಗೋವರೆಗೂ ಸಂಬಳ ಕೊಡುತ್ತೇನೆ ಅಂತಲೂ ಸೇರಿಸಿದ. ಯಂತ್ರ ಗಂಟೆಗೆ 1,100 ಹಾಳೆ ಉಗುಳುತ್ತಿತ್ತು. ರಾತ್ರಿಯೆಲ್ಲ ಕಾದು ಕೂತವರಿಗೆ ಕೊನೆಗೆ ಸಿಕ್ಕ ಸುದ್ದಿ ಅವರದೇ ಕೆಲಸದ್ದು.

ಅಚ್ಚೇನೋ ವೇಗವಾಯಿತು, ಸುದ್ದಿ ಮಾತ್ರ ಇನ್ನೂ ಹಡಗಿನಲ್ಲೇ ಬರುತ್ತಿತ್ತು. ಅದೇ 1814ರ ಡಿಸೆಂಬರ್ 24ಕ್ಕೆ ಬ್ರಿಟನ್ ಮತ್ತು ಅಮೆರಿಕ ಯುರೋಪಿನ ಘೆಂಟ್ ಊರಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವು. ಸಮುದ್ರದಾಚೆ ಅದು ಗೊತ್ತಾಗದೆ 1815ರ ಜನವರಿ 8ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಅದೇ ಎರಡು ಕಡೆಯವರು ಕಾದಾಡಿ ನೂರಾರು ಜನ ಸತ್ತರು.

ತಂತಿ ಬಂದಮೇಲೆ ಈ ಕಷ್ಟ ತಪ್ಪಿತು, ಆದರೆ ಮಾತಿಗೆ ಬೆಲೆ ಕಟ್ಟೋದು ಶುರುವಾಯಿತು. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದ ಕೇಬಲ್ ನೆಟ್ಟಗೆ ಕೆಲಸ ಮಾಡತೊಡಗಿದಾಗ 20 ಪದಕ್ಕೆ 20 ಪೌಂಡ್! ಹೀಗಿರುವಾಗ ಯಾವ ವರದಿಗಾರ ತಾನೇ ಹವಾ ವರ್ಣನೆಯಿಂದ ಶುರುಮಾಡುತ್ತಾನೆ? ಸುದ್ದಿಸಂಸ್ಥೆಗಳದ್ದು ಇನ್ನೊಂದು ಕತೆ. ಒಂದೇ ವರದಿಯನ್ನು ಎಡದವರಿಗೂ ಬಲದವರಿಗೂ ಮಾರಬೇಕು, ಹಾಗಾಗಿ ಅಭಿಪ್ರಾಯ ತೆಗೆದುಹಾಕಿ ಒಣ ಸಂಗತಿ ಕಳಿಸೋದೇ ಲಾಭ. ಪಕ್ಷ ಹಿಡಿಯದ ಬರವಣಿಗೆಯನ್ನು ಆಮೇಲೆ ದೊಡ್ಡ ಆದರ್ಶ ಮಾಡಿದರು. ಬೇಡ ಅನ್ನೋದಿಲ್ಲ. ಆದರೆ ಅದರ ಹಿಂದೆ ವ್ಯಾಪಾರದ ಲೆಕ್ಕವೂ ಇತ್ತು ಅನ್ನೋದನ್ನು ಪತ್ರಿಕೋದ್ಯಮದ ತರಗತಿಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹೇಳಬಹುದು.

ಮುಖ್ಯವಾದದ್ದು ಮೊದಲ ಪ್ಯಾರಾದಲ್ಲಿ, ಉಳಿದದ್ದು ಆಮೇಲೆ ಅನ್ನುವ ತಲೆಕೆಳಗಾದ ಪಿರಮಿಡ್ಡನ್ನೂ ತಂತಿಯ ತಲೆಗೇ ಕಟ್ಟುತ್ತಾರೆ. ಅಮೆರಿಕದ ಅಂತರ್ಯುದ್ಧದಲ್ಲಿ ತಂತಿ ಯಾವಾಗ ಕಡಿದುಹೋಗುತ್ತೋ ಅನ್ನೋ ಹೆದರಿಕೆಗೆ ಹೀಗೆ ಬರೆದರು ಅನ್ನುವ ಕತೆ ಚೆನ್ನಾಗಿದೆ. ಆದರೆ ಈ ರೀತಿ ಎಲ್ಲೆಡೆ ರೂಢಿಯಾದದ್ದು ಆ ಯುದ್ಧ ಮುಗಿದು ದಶಕಗಳಾದ ಮೇಲೆ. ನನಗೆ ಕೇಳಿದರೆ ಇದನ್ನು ಗಟ್ಟಿಮಾಡಿದ್ದು ಅಚ್ಚುಕೂಟ.

ಯಾಕೆ ಅಂತ ತಿಳಿಯೋಕೆ ಅಚ್ಚಿನ ಸಾಲು ಜೋಡಿಸುವ ಲಿನೊಟೈಪ್ ಯಂತ್ರ ನೋಡಬೇಕು. ಒಟ್ಮಾರ್ ಮರ್ಗೆಂಥಾಲರ್ ಮಾಡಿದ ಈ ಯಂತ್ರ 1886ರಲ್ಲಿ 'ನ್ಯೂಯಾರ್ಕ್ ಟ್ರಿಬ್ಯೂನ್' ಪತ್ರಿಕೆಯಲ್ಲಿ ಕೆಲಸಕ್ಕೆ ಇಳಿಯಿತು. ಕೀಲಿ ಒತ್ತಿದರೆ ಮೇಲಿನ ಪೆಟ್ಟಿಗೆಯಿಂದ ಆ ಅಕ್ಷರದ ಹಿತ್ತಾಳೆ ಅಚ್ಚು ಜಾರಿ ಬಂದು ಸಾಲಿನಲ್ಲಿ ನಿಲ್ಲುತ್ತದೆ. ಸಾಲು ತುಂಬಿದರೆ ಅದರೊಳಗೆ ಕಾದ ಸೀಸ ಹರಿದು, ಇಡೀ ಸಾಲು ಒಂದೇ ಲೋಹದ ಪಟ್ಟಿಯಾಗಿ ಬಿಸಿಬಿಸಿ ಹೊರಗೆ ಬೀಳುತ್ತದೆ. ಹಿತ್ತಾಳೆ ಅಚ್ಚುಗಳ ತಲೆಯಲ್ಲಿ ಬೀಗದ ಕೈಯಂಥ ಹಲ್ಲುಗಳಿವೆ, ಆ ಹಲ್ಲಿನ ಗುರುತಿನಿಂದ ಒಂದೊಂದೂ ತಾನಾಗಿಯೇ ತನ್ನ ಗೂಡಿಗೆ ವಾಪಸ್ಸು. ನಡುವೆ ತಪ್ಪಾದರೆ ಒಂದು ಅಕ್ಷರ ಅಳಿಸೋದು ಸುಲಭ ಅಲ್ಲ. ಮೊದಲ ಎರಡು ಕಂಬಸಾಲಿನ ಕೀಲಿಗಳ ಮೇಲೆ ಬೆರಳು ಎಳೆದು ಸಾಲು ತುಂಬಿಸಿ, ಆ ಪಟ್ಟಿ ಎಸೆಯಬೇಕು. ಎಸೆಯೋದು ಮರೆತರೆ ಮರುದಿನ ಪತ್ರಿಕೆಯಲ್ಲಿ 'ಎಟೊಯಿನ್ ಶರ್ಡ್ಲು' ಅಂತ ಯಾವ ಭಾಷೆಗೂ ಸೇರದ ಸಾಲು!

ಇನ್ನು ಪುಟ ಕಟ್ಟೋ ಹೊತ್ತಿಗೆ ವರದಿ ನಾಲ್ಕು ಸಾಲು ಉದ್ದ ಆಯಿತು ಅನ್ನಿ. ಕುಳಿತು ಮತ್ತೆ ಬರೆಯೋಕೆ ಯಾರಿಗೆ ಪುರಸೊತ್ತು? ಕೊನೆಯ ನಾಲ್ಕು ಪಟ್ಟಿ ಎತ್ತಿ ಪಕ್ಕಕ್ಕೆ ಇಟ್ಟರೆ ಮುಗಿಯಿತು. ಕಡಿಮೆ ಬಿದ್ದರೆ ಮೊದಲೇ ಅಚ್ಚುಕಟ್ಟಿ ಇಟ್ಟುಕೊಂಡ ಫಿಲ್ಲರ್, ಯಾವುದೋ ದೂರದ ನದಿ ಎಷ್ಟು ಉದ್ದ ಅಂತ. ಬುಡ ಹೋದರೂ ಬದುಕುವಂತೆ ವರದಿ ಬರೆಯೋದು ವರದಿಗಾರರಿಗೆ ಅನಿವಾರ್ಯವಾಯಿತು.

1978ರ ಜುಲೈನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಕೊನೆಯ ಸಲ ಸೀಸದಲ್ಲಿ ಪುಟ ಕಟ್ಟಿ ಕಂಪ್ಯೂಟರಿಗೆ ಬದಲಾಯಿತು. 1980ರಲ್ಲಿ ಟಿವಿ ಸುದ್ದಿವಾಹಿನಿ ಸಿಎನ್‌ಎನ್ ಬಂದು ದಿನದ 24 ಗಂಟೆಯನ್ನೂ ತುಂಬಿಸಲೇಬೇಕಾದ ಪಾತ್ರೆ ಮಾಡಿತು, ಆಗಿನಿಂದ ಸುದ್ದಿ ಇಲ್ಲ ಅಂತ ಹೇಳುವ ಧೈರ್ಯ ಯಾರಿಗೂ ಇಲ್ಲ. ವೆಬ್ಬಿನಲ್ಲಿ ಪುಟಕ್ಕೆ ಬುಡವೇ ಇಲ್ಲ, ಪದಕ್ಕೆ ಕಾಸೂ ಇಲ್ಲ. ಈಗ ಅಳತೆ ಅಂದರೆ ಎಷ್ಟು ಜನ ಒತ್ತಿದರು ಅನ್ನೋದು. ಅದಕ್ಕೇ ಮೊದಲ ಸಾಲಿನಲ್ಲೇ ಹೇಳಿಬಿಡುವ ಚಾಳಿ ಹೋಗಿ, 'ಆಮೇಲೆ ಆಗಿದ್ದೇನು ಗೊತ್ತಾ?' ಅನ್ನುವ ತಲೆಬರಹ ಬಂದಿದೆ. ಕೇಬಲ್ಲಿನ ಕಾಲದಲ್ಲಿ ಇಂಥದ್ದನ್ನು ಸಮುದ್ರ ದಾಟಿಸಿದವನ ಸಂಬಳದಲ್ಲಿ ಆ ಪದಗಳ ದುಡ್ಡು ಮುರಿದುಕೊಳ್ಳುತ್ತಿದ್ದರೇನೋ.